ಹೊಳಪು ತೆಗೆಯುವ ಒರಟಕ್ಕ

ಬೆಳಗಿನ ಐದೂವರೆಗೇ ಒರಟಕ್ಕ ಕಾರ್ಖಾನೆಯ ಗಾಜಿನ ಪೆಟ್ಟಿಗೆಯೊಳಗೆ ಎರಡೂ ಕೈ ತೂರಿಸಿ ನಿಂತಿದ್ದಾರೆ. ಮೊಣಕೈವರೆಗೆ ರಬ್ಬರ್ ಗವಸು. ಬೆರಳ ತುದಿಯಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟು ಪ್ಲಾಸ್ಟಿಕ್ ತುಂಡು. ಪೆಡಲ್ ಒತ್ತಿದರೆ ಕೊಳವೆಯಿಂದ ಮರಳಿನಂಥ ಪುಡಿ ರೊಯ್ಯನೆ ನುಗ್ಗಿ ಅದರ ಮೈಗೆ ಬಡಿಯುತ್ತದೆ. ಬೆಳಕಿಗೆ ಹಿಡಿದು ನೋಡುತ್ತಾರೆ. “ಇನ್ನೂ ಮಿಂಚ್ತಿದ್ದೀಯಾ? ಮದುವೆಗೆ ಹೊರಟಿದ್ದೀಯಾ?” ಎಂದು ಗದರಿ ಮತ್ತೆ ಪೆಡಲ್ ತುಳಿಯುತ್ತಾರೆ.

ತುಂಡು ಮದುವೆಗಲ್ಲ, ಒಬ್ಬ ಬಸ್ ಡ್ರೈವರನ ಕತ್ತಿನ ಮೂಳೆಗಳ ನಡುವೆ ಕೂರಲು ಹೊರಟಿದೆ. ಮೂರು ವಾರದಿಂದ ಆತ ಕತ್ತಿಗೆ ಪಟ್ಟಿ ಬಿಗಿದುಕೊಂಡು ಆಸ್ಪತ್ರೆಯ ಚಾವಣಿ ನೋಡುತ್ತ ಮಲಗಿದ್ದಾನೆ. ನಾಳೆ ಬೆಳಿಗ್ಗೆ ಆಪರೇಷನ್. ಮೂರು ಅಳತೆಯ ಹನ್ನೆರಡು ತುಂಡುಗಳ ತಟ್ಟೆ ಇವತ್ತು ಒಂದು ಗಂಟೆಯ ವ್ಯಾನಿಗೆ ಹೋಗಲೇಬೇಕು. ಯಾವ ಅಳತೆ ಕೂರುತ್ತದೆಂದು ಕತ್ತು ಕೊಯ್ದು ತೆರೆದ ಮೇಲೆಯೇ ಡಾಕ್ಟರಿಗೆ ಗೊತ್ತಾಗುವುದು. ಒಂದು ಕಡಿಮೆಯಾದರೂ ನಡೆಯುವುದಿಲ್ಲ.

ಈ ಪ್ಲಾಸ್ಟಿಕ್ ಮುರಿಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ನುಣುಪು ಮೈಯನ್ನು ಕಂಡರೆ ಮೂಳೆಗೆ ಆಗಿಬರುವುದಿಲ್ಲ. ಬೇಡದ ನೆಂಟನಂತೆ ದೂರವೇ ಇಡುತ್ತದೆ. ಅದಕ್ಕೇ ಮೈ ಒರಟು ಮಾಡಿ, ತೊಳೆದು, ಗಾಳಿ ಹೀರಿ ತೆಗೆದ ಡಬ್ಬಿಯಲ್ಲಿ ನೇರಳೆ ಬೆಳಕಿನ ಸ್ನಾನ ಮಾಡಿಸಬೇಕು. ಪ್ರತಿ ತಟ್ಟೆಯಲ್ಲೂ ಅದೇ ಪ್ಲಾಸ್ಟಿಕ್ಕಿನ ಒಂದು ಸಾಕ್ಷಿ ಚೂರು ಇರುತ್ತದೆ. ಅದರ ಮೇಲೆ ಒಂದು ಹನಿ ನೀರು. ಹರಡಿದರೆ ಪಾಸು, ಗುಂಡಗೆ ನಿಂತರೆ ಫೇಲು; ನೀರು ಹಿಡಿಯದ ಮೈಯನ್ನು ಮೂಳೆಯೂ ಹಿಡಿಯುವುದಿಲ್ಲ. ದಿನಕ್ಕೆ ಅರವತ್ತು ತುಂಡು, ಐದು ತಟ್ಟೆ, ಐದು ಹನಿ. ಡಾಕ್ಟರ ಹೆಸರು ಆಸ್ಪತ್ರೆಯ ಬಾಗಿಲ ಮೇಲಿದೆ. ಹನಿ ಹಾಕುವವರ ಹೆಸರು ಎಲ್ಲೂ ಇಲ್ಲ. ಇರಬೇಕೆಂದು ಯಾವ ಪುಣ್ಯಾತ್ಮನಿಗೂ ಅನ್ನಿಸಿಲ್ಲ.

“ಮೊದಲು ಸ್ಟೀಲ್ ಪಾತ್ರೆ ಕಾರ್ಖಾನೇಲಿದ್ದೆ. ಎಂಟು ವರ್ಷ ಮುಖ ಕಾಣೋ ಹಾಗೆ ಪಾಲಿಶ್ ಮಾಡಿದೆ. ಇಲ್ಲಿಗೆ ಬಂದು ಹದಿನಾಲ್ಕು ವರ್ಷದಿಂದ ಇದ್ದ ಹೊಳಪೆಲ್ಲ ತೆಗೀತಿದ್ದೀನಿ. ಪಾಪ ತೊಳ್ಕೊಂಡ ಹಾಗೆ!” ಎನ್ನುತ್ತಾರೆ. ಪುಡಿಯ ಸದ್ದಿಗೆ ಎಡಗಿವಿ ಮಂದವಾಗಿದೆ. ಎಣ್ಣೆಯ ಪಸೆ ತಗುಲಿದರೆ ತುಂಡು ಕೆಡುತ್ತದೆಂದು ಕೆಲಸದ ದಿನ ತಲೆಗೆ ಎಣ್ಣೆಯಿಲ್ಲ, ಕೈಗೆ ಕ್ರೀಮಿಲ್ಲ; ಅಂಗೈ ಬಿರಿದ ಗೋಡೆಯಂತಿದೆ. ಮನೆಯಲ್ಲಿ ಪಾತ್ರೆ ತೊಳೆಯುವುದು ಗಂಡ. “ನನ್ನ ತಟ್ಟೆಗೂ ಹನಿ ಹಾಕಿ ನೋಡ್ತಾಳೆ. ಮದುವೆಯಾಗಿ ಇಪ್ಪತ್ತು ವರ್ಷ, ಇನ್ನೂ ಫೇಲೇ ಆಗ್ತಿದ್ದೀನಿ” ಎಂದು ಅವರು ಫೋನಿನಲ್ಲಿ ನಗುತ್ತಾರೆ.

ಒಂಬತ್ತೂವರೆಗೆ ತಟ್ಟೆ ಸಿದ್ಧ. ಒರಟಕ್ಕ ಕವರ್ ತರಲು ಪಕ್ಕದ ಕೋಣೆಗೆ ಹೋಗುತ್ತಾರೆ. ಅಷ್ಟರಲ್ಲಿ ಹೊಸ ಮ್ಯಾನೇಜರ್ ನಾಲ್ಕು ಅತಿಥಿಗಳನ್ನು ಕರೆದುಕೊಂಡು ಬರುತ್ತಾರೆ. ತುಂಡುಗಳು ಮಂಕಾಗಿರುವುದು ಕಂಡು ಮ್ಯಾನೇಜರಿಗೆ ನಾಚಿಕೆಯಾಗುತ್ತದೆ. ಬರಿಗೈಯಲ್ಲಿ ಒಂದನ್ನೆತ್ತಿ, ಕನ್ನಡಕಕ್ಕೆ ಮಾಡುವಂತೆ ಹಾ ಎಂದು ಉಸಿರು ಬಿಟ್ಟು, ಎಣ್ಣೆ ಜಿನುಗುವ ಹಣೆ ಒರೆಸಿಕೊಂಡಿದ್ದ ಕರವಸ್ತ್ರದಿಂದ ಗಸಗಸ ಉಜ್ಜುತ್ತಾರೆ. ಒಂದಲ್ಲ, ಮೂರು!

“ನಿಮ್ಮ ಕರವಸ್ತ್ರಕ್ಕೆ ಬೆಂಕಿ ಬೀಳ!” ಬಾಗಿಲಲ್ಲಿ ಒರಟಕ್ಕ.

“ಒರೆಸಿದ್ದಕ್ಕೆ ಇಷ್ಟು ರಂಪಾನಾ? ಪ್ಯಾಕ್ ಮಾಡಮ್ಮ. ಯಾರಿಗೆ ಕಾಣುತ್ತೆ?”

“ಮೂಳೆಗೆ ಕಾಣುತ್ತೆ ಸಾರ್. ನಾನು ಸಹಿ ಹಾಕಲ್ಲ.”

“ಹಾಗಾದ್ರೆ ನಾಳೆಯಿಂದ ಬರೋದೂ ಬೇಡ.”

“ಆಯ್ತು. ನಾನು ಹೋಗೋ ಮುಂಚೆ ಇದನ್ನೊಂದು ಉಜ್ಜಿಕೊಡಿ,” ಎಂದು ಒರಟಕ್ಕ ಸಾಕ್ಷಿ ಚೂರನ್ನು ಮುಂದೆ ಹಿಡಿಯುತ್ತಾರೆ.

ಮ್ಯಾನೇಜರ್ ಇನ್ನೂ ಜೋರಾಗಿ ಉಜ್ಜುತ್ತಾರೆ. ಒರಟಕ್ಕ ಹನಿ ಬಿಡುತ್ತಾರೆ. ಹನಿ ಗುಂಡಗೆ ನಿಂತು ಎಲ್ಲರನ್ನೂ ನೋಡುತ್ತದೆ. ನಿನ್ನೆ ಸಂಜೆಯ, ಬೇರೆ ಅಳತೆಗಳ ತಟ್ಟೆಯ ಚೂರಿನ ಮೇಲೆ ಬಿಟ್ಟ ಹನಿ ಚಾಪೆ ಹಾಸಿದಂತೆ ಹರಡುತ್ತದೆ. ಅತಿಥಿಗಳಲ್ಲಿ ವಯಸ್ಸಾದ ಹೆಂಗಸೊಬ್ಬರು ಎರಡಕ್ಕೂ ಬಗ್ಗಿ, “ಇದೇನ್ರೀ, ಮುತ್ತಿನ ಹಾಗೆ ಕೂತುಬಿಟ್ಟಿದೆ!” ಎನ್ನುತ್ತಾರೆ.

“ಸಾಹೇಬರ ತಲೆ ಎಣ್ಣೆ, ಅಮ್ಮ. ಡ್ರೈವರ್ ಕತ್ತಿಗೆ ಹೊರಟಿತ್ತು.”

ಅತಿಥಿಗಳ ನಗು ನಿಲ್ಲುವುದಕ್ಕೂ ಕಾಯದೆ ಒರಟಕ್ಕ ಮೂರು ತುಂಡು, ಸಾಕ್ಷಿ ಚೂರು ಎತ್ತಿಕೊಂಡು ಮೊದಲಿನಿಂದ ಶುರು ಮಾಡುತ್ತಾರೆ. ಮೂರೂವರೆ ಗಂಟೆಯ ಕೆಲಸ. ಒಂದು ಗಂಟೆ ಹೊಡೆದಾಗಲೂ ಡಬ್ಬಿಯಲ್ಲಿ ಇನ್ನೂ ನೇರಳೆ ಬೆಳಕು. ಗೇಟಿನ ಬಳಿ ಮ್ಯಾನೇಜರ್ ವ್ಯಾನಿನವನ ಮುಂದೆ ನಿಂತು, “ಐದೇ ನಿಮಿಷ ಮಾರಾಯ” ಎಂದು ಮೂರನೆಯ ಸಲ ಅಂಗಲಾಚುತ್ತಿದ್ದಾರೆ. ಕೊನೆಗೆ ಚೂರಿನ ಮೇಲೆ ಹನಿ ಬೀಳುತ್ತದೆ. ಹರಡುತ್ತದೆ. ಒರಟಕ್ಕ ಸಹಿ ಹಾಕುತ್ತಾರೆ.

ವ್ಯಾನ್ ಹೋದ ಮೇಲೆ ಮ್ಯಾನೇಜರ್ ಕೆಮ್ಮಿ ಕೇಳುತ್ತಾರೆ, “ನಾಳೆ ಎಷ್ಟಕ್ಕೆ ಬರ್ತೀರಮ್ಮ?”

“ಐದೂವರೆಗೆ. ನೀವೂ ಬರೋದಾದ್ರೆ ಗವಸು ಕೊಡ್ತೀನಿ.”

ಆ ಡ್ರೈವರ್ ಸಿಕ್ಕರೆ ಏನು ಹೇಳುತ್ತೀರಿ ಎಂದು ಕೇಳಿದರೆ ಒರಟಕ್ಕ ತಲೆಯಾಡಿಸುತ್ತಾರೆ. “ಅವನಿಗೆ ನಾನ್ಯಾರು ಅಂತ ಗೊತ್ತಾಗೋದೇನೂ ಬೇಡ. ಒಂದಿನ ನಾನು ರಸ್ತೆ ನಡುವೆ ನಿಧಾನಕ್ಕೆ ಹೋಗ್ತಿರ್ತೀನಲ್ಲ, ಆಗ ಬಸ್ ನಿಲ್ಲಿಸಿ, ಕಿಟಕಿಯಿಂದ ಕತ್ತು ಆಚೆ ಹಾಕಿ, ಬಾಯಿಗೆ ಬಂದ ಹಾಗೆ ಬೈಲಿ. ನಂಗೆ ಅಷ್ಟು ಸಾಕು.”