ಮದುವೆ ಕಾರ್ಡಿನಲ್ಲಿ ಮೂರನೇ ಪುಟ

ಕಳೆದ ಭಾನುವಾರ ಒಬ್ಬ ಅಕ್ಕಿ ವ್ಯಾಪಾರಿ ನನ್ನ ಮಾನ ಕಳೆದರು. ಅದೂ ಕೊಂಡಜ್ಜಿ ಕೆರೆ ಏರಿಯ ಮೇಲೆ ಕೂರಿಸಿ, ಕೈಗೆ ಮಂಡಕ್ಕಿ, ಬಿಸಿ ಮಿರ್ಚಿ ಕೊಟ್ಟು. (ತಕ್ಷಣ ಉತ್ತರ ಕೊಡಲೂ ಆಗಲಿಲ್ಲ. ಬಾಯಿ ತುಂಬಿತ್ತು.)

ವ್ಯಾಪಾರಿಯ ಹೆಸರು ಶಿವಪ್ರಕಾಶಪ್ಪ. ಮಂಡಿಪೇಟೆಯಲ್ಲಿ ಮೂರು ತಲೆಮಾರಿನ ಹೋಲ್‌ಸೇಲ್ ಅಂಗಡಿ. ಅರವತ್ತು ದಾಟಿದ ಮೇಲೆ ಸಾಹುಕಾರರಿಗೆ ಸಿನಿಮಾ ತೆಗೆಯುವ ಆಸೆ ಬಂದಿದೆ. ಬರಲಿ, ನನ್ನ ತಕರಾರಿಲ್ಲ. ಆದರೆ ನಾಲ್ಕು ಫೈಟು, ಮೂರು ಸಾಂಗು ಇರುವ ಕಥೆ ಬಿಟ್ಟು ಅವರು ಕೈ ಹಾಕಿದ್ದು ಆ ಕಾದಂಬರಿಗೆ.

ಯಾವ ಕಾದಂಬರಿ ಎನ್ನುತ್ತೀರಾ? ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮ ಮನೆಯಲ್ಲೂ ಜಗಳ ಶುರುವಾಗಿ ತಿಂಡಿ ಆರುತ್ತದೆ. ಅದರ ನಾಯಕ ಮೂರನೇ ಪುಟದಲ್ಲೇ ‘ಯಾರೂ ಯಾರವರೂ ಅಲ್ಲ’ ಎಂದು ಘೋಷಿಸಿ, ತಾಯಿಯನ್ನು ಬಿಟ್ಟು ಮನೆಯಿಂದ ಹೊರಟುಬಿಡುತ್ತಾನೆ. ಆಮೇಲೆ ಯೋಚಿಸುತ್ತಾನೆ. ಒಂದು ಕೆರೆಯ ದಡದಲ್ಲಿ ಕೂತು ನಲವತ್ತು ಪುಟ ಯೋಚಿಸುತ್ತಾನಂತೆ. (ಈ ‘ಅಂತೆ’ ನೆನಪಿರಲಿ.)

ಅರ್ಧ ಊರು ಇದನ್ನು ಮಹಾದರ್ಶನ ಎನ್ನುತ್ತದೆ. ಉಳಿದರ್ಧ, ಮನೆ ಮುರಿಯುವ ಪುಸ್ತಕ ಎನ್ನುತ್ತದೆ. ಈ ಉಳಿದರ್ಧದ ಖಾಯಂ ಭಾಷಣಕಾರ ನಾನು. ಇಪ್ಪತ್ತು ವರ್ಷದಿಂದ ಸಿಕ್ಕ ಮೈಕೆಲ್ಲ ಹಿಡಿದು ಅದನ್ನು ಬೈದಿದ್ದೇನೆ. ಒಮ್ಮೆ ನಮ್ಮ ಸರಸ್ವತಿ ನಗರದಲ್ಲಿ ಯಾರದೋ ಗೃಹಪ್ರವೇಶದ ಊಟದ ಸಾಲಿನಲ್ಲೂ ಬೈದಿದ್ದೇನೆ.

ಹೀಗಿರುವಾಗ ಚಿತ್ರಕಥೆ ಬರೆಯಲು ನನಗೇ ಯಾಕೆ ಕರೆ ಬಂತು? ಕೇಳೋಣವೆಂದು ಅಂಗಡಿಗೆ ಹೋದೆ. ಸಾಹುಕಾರರು ಅಕ್ಕಿ ನೋಡುತ್ತಿದ್ದರು. ಬಾಯಿ ಬಿಚ್ಚಿದ ಚೀಲದ ಮೇಲಿನ ಅಕ್ಕಿಯತ್ತ ಕಣ್ಣೆತ್ತಿಯೂ ನೋಡದೆ, ಮೊನಚಾದ ಕಬ್ಬಿಣದ ಕೊಳವೆಯೊಂದನ್ನು ಚೀಲದ ಹೊಟ್ಟೆಗೇ ಚುಚ್ಚಿ, ಉದುರಿದ ಕಾಳನ್ನು ಅಂಗೈಯಲ್ಲಿ ಹಿಡಿದು, ಎರಡು ಕಾಳು ಹಲ್ಲಿಗಿಟ್ಟು ಕಚ್ಚಿದರು.

“ಚೀಲದ ಬಾಯಾಗ ಯಾವಾಗ್ಲೂ ಚಲೋದೇ ಇರ್ತೈತ್ರಿ ಮೇಷ್ಟ್ರೇ. ನಡು ನೋಡ್ಬೇಕು” ಅಂದರು.

ನಾನು ದೊಡ್ಡ ಜ್ಞಾನಿಯ ಹಾಗೆ ತಲೆಯಾಡಿಸಿದೆ. ನನ್ನನ್ನು ಕರೆದದ್ದಕ್ಕೆ ಅವರ ಕಾರಣ ಸರಳವಾಗಿತ್ತು. ಒಬ್ಬ ಹೊಗಳುವವ, ಒಬ್ಬ ಬೈಯುವವ ಕೂಡಿ ಬರೆದರೆ ಯಾರಿಗೂ ಸಿಟ್ಟು ಬರುವುದಿಲ್ಲವಂತೆ. ಹೊಗಳುವವ ಯಾರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಪ್ಪತ್ತು ವರ್ಷ ಬೈದ ಪುಸ್ತಕಕ್ಕೆ ಯಾಕೆ ಒಪ್ಪಿದೆ ಎಂದರೆ, ಒಳಗಿದ್ದೇ ಅದನ್ನು ತಿದ್ದಬಹುದು ಎಂದು ಹೆಂಡತಿಯ ಮುಂದೆ ಹೇಳಿದೆ. ನಿಮ್ಮ ಮುಂದೆ ನಿಜ ಹೇಳುತ್ತೇನೆ. ಪರದೆಯ ಮೇಲೆ ನನ್ನ ಹೆಸರು ನೋಡುವ ಆಸೆ.

ಭಾನುವಾರ ಬೆಳಿಗ್ಗೆ ಲೊಕೇಶನ್ ನೋಡಲು ಹೊರಟೆವು. ಕಾರು ಮೊದಲು ಹರಿಹರಕ್ಕೆ ಹೋಯಿತು, ಇನ್ನೊಬ್ಬರನ್ನು ಹತ್ತಿಸಿಕೊಳ್ಳಲು. ಹೊಳೆ ಕಡೆಯ ಒಂದು ಓಣಿಯಲ್ಲಿ ಬಾಗಿಲು ತೆರೆದು ಹತ್ತಿದವನು ಹಾಲೇಶ.

ಹಾಲೇಶ ಯಾರು? ನಾನೂ ಅವನೂ ಒಂದೇ ಕಾಲೇಜಿನಲ್ಲಿ ಪಾಠ ಮಾಡಿದವರು. ಸ್ಟಾಫ್ ರೂಮಿನಲ್ಲಿ ಪಕ್ಕಪಕ್ಕದ ಕುರ್ಚಿ, ಊಟಕ್ಕೆ ಒಂದೇ ಡಬ್ಬಿ. ಅವನ ಮಗಳು ಚೈತ್ರಾಳಿಗೆ ಸೈಕಲ್ ಕಲಿಸಿದವನು ನಾನು. (ಹಾಲೇಶನಿಗೆ ಇವತ್ತಿಗೂ ಸೈಕಲ್ ಬರುವುದಿಲ್ಲ.) ಏಳು ವರ್ಷದ ಹಿಂದೆ ಆ ಹುಡುಗಿಯ ಮದುವೆ ಕಾರ್ಡು ಅಂಚೆಯಲ್ಲಿ ಬಂತು. ತೆರೆದರೆ, ದೇವರ ಚಿತ್ರ ಇರಬೇಕಾದ ಜಾಗದಲ್ಲಿ ಬಂಗಾರದ ಅಕ್ಷರದಲ್ಲಿ ಆ ಕಾದಂಬರಿಯ ವಾಕ್ಯ: ‘ಯಾರೂ ಯಾರವರೂ ಅಲ್ಲ.’

ಮದುವೆ ಕಾರ್ಡಿನಲ್ಲಿ! ಅದರ ಕೆಳಗೆ, ಸಕುಟುಂಬ ಸಪರಿವಾರ ಬಂದು ಹರಸಿ ಎಂಬ ಕೋರಿಕೆ ಬೇರೆ. ಇದನ್ನು ಓದಿ ಬೀಗರು ಏನೆಂದುಕೊಂಡರೋ ಶಿವನೇ ಬಲ್ಲ. ನನಗಂತೂ ಅವನು ನನ್ನನ್ನು ಕೆಣಕಲೆಂದೇ ಹಾಕಿಸಿದ್ದಾನೆ ಅನ್ನಿಸಿತು. ಹಟ ಹಿಡಿದು ಮದುವೆಗೆ ಹೋಗಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಅಂದಿನಿಂದ ನನಗೂ ಹಾಲೇಶನಿಗೂ ಮಾತಿಲ್ಲ.

ಹಾಗಾಗಿ ಕಾರಿನಲ್ಲಿ ನಮ್ಮ ಮಾತೆಲ್ಲ ಸಾಹುಕಾರರ ಮೂಲಕ ನಡೆಯಿತು. ಅವರಿಗೆ ಗಾಜು ಏರಿಸಲು ಹೇಳಿ ಎಂದು ನಾನು. ಅವರಿಗೆ ಬೇಕಾದರೆ ಅವರೇ ಏರಿಸಿಕೊಳ್ಳಲಿ ಎಂದು ಅವನು. ಮುಂದಿನ ಸೀಟಿನಲ್ಲಿದ್ದ ಸಾಹುಕಾರರು ಇಬ್ಬರಿಗೂ ಹೂಂಗುಟ್ಟುತ್ತಾ ಗಾಜನ್ನು ಅರ್ಧಕ್ಕೆ ನಿಲ್ಲಿಸಿದರು.

ಕೆರೆ ಬಂತು. ಏರಿಯ ಮೇಲೆ ಕೂತೆವು. ನಲವತ್ತು ಪುಟದ ಯೋಚನೆಯನ್ನು ಕ್ಯಾಮೆರಾದಲ್ಲಿ ತೋರಿಸುವುದು ಹೇಗೆ ಎಂಬ ಚರ್ಚೆ ಶುರುವಾಯಿತು. ಕೆರೆಯನ್ನೇ ತೋರಿಸಿ ಹಿನ್ನೆಲೆಯಲ್ಲಿ ದನಿ ಕೊಡಬೇಕು ಅಂದ ಹಾಲೇಶ. ಅಷ್ಟರಲ್ಲಿ ಜನ ಎದ್ದು ಮನೆ ಸೇರಿರುತ್ತಾರೆ ಅಂದೆ ನಾನು. ಸಾಹುಕಾರರು ಸುಮ್ಮನೆ ಚೀಲದಿಂದ ಪುಸ್ತಕ ತೆಗೆದರು. ಮುನ್ನುಡಿ ಬೇಡ, ಮೊದಲ ಪುಟ ಬೇಡ. ಸೀದಾ ನಡುವಿಗೆ ಹೆಬ್ಬೆರಳು ಹಾಕಿ ತೆರೆದು ಒಂದು ಪುಟ ಓದಿದರು. ತುಟಿ ಅಲ್ಲಾಡಿಸುತ್ತಾ, ನಿಧಾನವಾಗಿ.

“ಇವ ಯಾರೂ ಯಾರವರೂ ಅಲ್ಲ ಅಂತ ಎದ್ದು ಹೋದವ ಅಲ್ರಿ? ಇಲ್ಲಿ ನೋಡಿದ್ರ ಅವ್ವನ ಬಾಗ್ಲಾಗ ಕುಂತು ಅಳಾಕ ಹತ್ಯಾನ. ಯಾಕ?”

ಯಾಕೆ? ನಾನು ಮಿರ್ಚಿ ಅಗಿದೆ. ಹಾಲೇಶ ಕನ್ನಡಕ ಒರೆಸಿದ. ಸಾಹುಕಾರರು ನನ್ನನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ಪುಸ್ತಕವನ್ನು ನೋಡಿದರು. ಹಾಗೆ ನೋಡುವುದರಲ್ಲಿ ಅವರಿಗೆ ಐವತ್ತು ವರ್ಷದ ಅನುಭವ.

“ನೀವು ಇದನ್ನ ಎಲ್ಲೀತನ ಓದೀರಿ?”

ಇಪ್ಪತ್ತೆಂಟನೇ ಪುಟ ಅಂದೆ. ಅಲ್ಲಿಗೆ ಸಿಟ್ಟು ಬಂದು ಎಸೆದಿದ್ದೆ. ಉಳಿದದ್ದೆಲ್ಲ ಬೈದವರ ವಿಮರ್ಶೆಯಿಂದ ಎತ್ತಿದ್ದು. ಹಾಲೇಶನ ಸರದಿ ಬಂದಾಗ ಅವನು ಕೆರೆಯನ್ನು ನೋಡುತ್ತಾ, ನಲವತ್ತೊಂದು ಅಂದ. ಅಲ್ಲಿಗೆ ಅವನಿಗೆ ಭಕ್ತಿ ಬಂದಿತ್ತಂತೆ. ಉಳಿದದ್ದು ಹೊಗಳಿದವರ ವಿಮರ್ಶೆಯಿಂದ.

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆದರೆ ಸಾಹುಕಾರರ ಮುಖ ಅರಳಿತ್ತು. ಓದಿದವರು ಎಂದು ಹೆಸರಾದ ನೀವೇ ಓದಿಲ್ಲ ಅಂದಮೇಲೆ ಊರಲ್ಲಿ ಯಾರೂ ಓದಿಲ್ಲ, ಜಗಳ ಮಾತ್ರ ಎಲ್ಲರಿಗೂ ಗೊತ್ತು, ಕ್ಲೈಮ್ಯಾಕ್ಸ್ ಯಾರಿಗೂ ಗೊತ್ತಿಲ್ಲ, ಪಿಚ್ಚರ್ ಓಡೇ ಓಡುತ್ತದೆ ಎಂದು ಲೆಕ್ಕ ಹಾಕಿ, ಇನ್ನೊಂದು ಪ್ಲೇಟ್ ಮಿರ್ಚಿ ತರಲು ತಾವೇ ಎದ್ದು ಹೋದರು.

ಏರಿಯ ಮೇಲೆ ನಾವಿಬ್ಬರೇ ಉಳಿದೆವು. ನಡುವೆ ಪುಸ್ತಕ. ಅವನು ನನ್ನ ಕಡೆ ತಿರುಗದೆಯೇ ಮಾತಾಡಿದ. ಏಳು ವರ್ಷದ ನಂತರ ನೇರ ನನಗೇ ಹೇಳಿದ ಮೊದಲ ಮಾತು.

“ಅಕ್ಷತೆ ಹಾಕೋ ಹೊತ್ನಾಗ ಚೈತ್ರಾ ಬಾಗ್ಲ ಕಡೆನೇ ನೋಡ್ತಿದ್ಲು. ಮಾಮ ಬಂದ್ರಾ, ಮಾಮ ಬಂದ್ರಾ ಅಂತ ಮೂರು ಸಲ ಕೇಳಿದ್ಲು. ಬರ್ತಾನ ತಡಿ ಅಂತ ನಾನೂ ಮೂರು ಸಲ ಸುಳ್ಳು ಹೇಳ್ದೆ.”

ಈ ಸಲ ಬಾಯಿ ಖಾಲಿ ಇತ್ತು, ಮಿರ್ಚಿಯ ನೆಪ ಹೇಳುವಂತೆಯೂ ಇರಲಿಲ್ಲ.

ಕಾರ್ಡು ನೋಡಿದ ದಿನ ಅವನಿಗೆ ಒಂದು ಫೋನ್ ಮಾಡಿ, ಏನಯ್ಯಾ ಇದು ಎಂದು ಬೈದಿದ್ದರೂ ಸಾಕಿತ್ತು. ಸೈಕಲ್ ಕಲಿಯುವಾಗ, ‘ಮಾಮ, ಬಿಡಬ್ಯಾಡ’ ಎಂದು ಕೂಗುತ್ತಿದ್ದ ಹುಡುಗಿ ಅವಳು. ಹಿಂದಿನಿಂದ ಸೀಟು ಹಿಡಿದು ಇಡೀ ಓಣಿ ಓಡಿದವನು ನಾನು. ನಾಚಿಕೆಯಾಗುತ್ತದೆ, ಓದುಗರೇ. ಈ ಅಂಕಣದಲ್ಲಿ ಊರವರನ್ನೆಲ್ಲ ಲೇವಡಿ ಮಾಡುತ್ತೇನೆ, ಇದನ್ನೂ ಬರೆಯದಿದ್ದರೆ ಹೇಗೆ?

ಸಾಹುಕಾರರಿಂದ ಪುಸ್ತಕ ಕಡ ತಂದು ನಾಲ್ಕು ದಿನದಲ್ಲಿ ಮುಗಿಸಿದೆ. ಕ್ಲೈಮ್ಯಾಕ್ಸ್ ಹೇಳಿದರೆ ಅವರು ನನ್ನನ್ನು ಮಂಡಿಪೇಟೆಯಲ್ಲಿ ಓಡಾಡಲು ಬಿಡುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಮೂರನೇ ಪುಟದ ವಾಕ್ಯವನ್ನು ಆ ನಾಯಕನೇ ವಾಪಸ್ ತೆಗೆದುಕೊಳ್ಳುತ್ತಾನೆ. ಅವನು ನಂಬದ ವಾಕ್ಯಕ್ಕೆ ಹಾಲೇಶ ಬಂಗಾರದ ಬಣ್ಣ ಹಚ್ಚಿದ, ನಾನು ಇಪ್ಪತ್ತು ವರ್ಷ ಕಲ್ಲು ಹೊಡೆದೆ.

ಚೈತ್ರಾಳ ನಂಬರ್ ಹಾಲೇಶ ಕೊಟ್ಟಿದ್ದಾನೆ. ನಾಲ್ಕು ಸಲ ಫೋನ್ ಕೈಗೆತ್ತಿಕೊಂಡು ನಾಲ್ಕು ಸಲವೂ ಕೆಳಗಿಟ್ಟಿದ್ದೇನೆ. ಏನೆಂದು ಶುರು ಮಾಡಲಿ?

‘ಯಾರೂ ಯಾರವರೂ ಅಲ್ಲ’ ಎಂಬುದು ಶುದ್ಧ ಸುಳ್ಳು ಎಂದು ಊರೆಲ್ಲ ಭಾಷಣ ಮಾಡಿದೆ. ಅದನ್ನು ನಿಜ ಮಾಡಿ ತೋರಿಸಿದ್ದು ಆ ಮದುವೆಗೆ ಹೋಗದ ನಾನೇ ಅಲ್ಲವೇ?