ತಾರಸಿಯ ಮೇಲೆ ಕೂರಿಸಿದ ಎಂಜಿನ್

ಹೊರದೇಶದ ಯಾವುದೋ ಬೆಟ್ಟದ ರಸ್ತೆಯಲ್ಲಿ ಪರೀಕ್ಷೆಗೆ ಓಡುತ್ತಿದ್ದ ಕಾರೊಂದರ ಫೋಟೋ ನೋಡಿ ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲ. ಮುಂದಿನ ವರ್ಷ ಬರಲಿರುವ ಭಾರಿ ವೇಗದ ಕಾರು. ಆಕಾರ ತಿಳಿಯದಿರಲೆಂದು ಮೈತುಂಬ ಕಪ್ಪು ಬಿಳಿ ಸ್ಟಿಕ್ಕರ್ ಅಂಟಿಸಿದ್ದರು. ನಾನೇನು ಅದನ್ನು ಕೊಳ್ಳುವವಳಲ್ಲ, ನನ್ನ ಬಳಿ ಇರುವುದು ಸ್ಕೂಟರ್. ಆದರೂ ಅದರ ಎಂಜಿನ್ ಎಲ್ಲಿದೆ ಎಂದು ತಿಳಿಯದೆ ಸಮಾಧಾನವಿರಲಿಲ್ಲ.

ನಮ್ಮ ಕಾರು ಹುಚ್ಚರ ಮೊಬೈಲ್ ಗ್ರೂಪಿನಲ್ಲಿ ಎಲ್ಲರೂ ಎಂಜಿನ್ ಸೀಟಿನ ಹಿಂದಿದೆ ಎಂದರು. ಬಾನೆಟ್ಟಿನ ಕೆಳಗೇ ಇದೆ, ಆದರೆ ಸೀಟಿನ ಹತ್ತಿರಕ್ಕೆ ತಳ್ಳಿ ಕೂರಿಸಿದ್ದಾರೆ ಎಂದೆ ನಾನು. ಅದಕ್ಕೊಬ್ಬ ಮಹಾಶಯ, "ಮೇಡಂ, ನಿಮಗೆ ಯಾವ ಕಲರ್ ಇಷ್ಟ ಹೇಳಿ" ಎಂದು ಬರೆದ. ಮೈಯೆಲ್ಲ ಉರಿದುಹೋಯಿತು. ಭಾನುವಾರದೊಳಗೆ ಅಳತೆ ಸಮೇತ ತೋರಿಸುತ್ತೇನೆ ಎಂದುಬಿಟ್ಟೆ. ಸೋತರೆ ಆ ಗ್ರೂಪಿನಲ್ಲಿ ನಾನು ಮುಂದೆ ಬಣ್ಣದ ಬಗ್ಗೆ ಮಾತ್ರ ಮಾತಾಡಬೇಕಿತ್ತು.

ನಮ್ಮ ಮಾವನವರು ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಮೂವತ್ತು ವರ್ಷ ಲೇತ್ ಯಂತ್ರ ಓಡಿಸಿದವರು. ಅಲ್ಲಿ ಕಬ್ಬಿಣ ಕತ್ತರಿಸುವ ಮೊದಲು ನಿಜವಾದ ಅಳತೆಯಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೋಡುತ್ತಿದ್ದರಂತೆ. "ಪೇಪರ್ ಮೇಲೆ ಎಲ್ಲಾ ಕೂತ್ಕೊಳತ್ತೆ ಕಣಮ್ಮ. ನೆಲದ ಮೇಲೆ ಹಾಕು" ಎಂದರು.

ಹಾಗಾಗಿ ಭಾನುವಾರ ಬೆಳಿಗ್ಗೆ ಹೊಸಹಳ್ಳಿಯ ನಮ್ಮ ತಾರಸಿಯ ಮೇಲೆ, ಫೋಟೋದಿಂದ ಲೆಕ್ಕ ಹಾಕಿದ ಅಳತೆಯಲ್ಲಿ, ಇಡೀ ಕಾರು ಬರೆದೆವು. ಸೀಟಿಗೆ ಪ್ಲಾಸ್ಟಿಕ್ ಕುರ್ಚಿ, ಎಂಜಿನ್ನಿಗೆ ಮಲಗಿಸಿದ ಖಾಲಿ ಗ್ಯಾಸ್ ಸಿಲಿಂಡರ್. ಡಿಕ್ಕಿಯ ಜಾಗದಲ್ಲಿ ಅತ್ತೆಯ ಸಂಡಿಗೆ ಒಣಗುತ್ತಿತ್ತು. ಅದನ್ನು ಸರಿಸುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

"ಇಷ್ಟು ಹಿಂದಕ್ಕೆ ತಂದ್ರೆ ಸ್ಟೀರಿಂಗ್ ರಾಡು ಟರ್ಬೋಗೆ ತಗಲ್ಕೊಳಲ್ವಾ?" ಎಂದರು ಮಾವ.

ಫೋಟೋದಲ್ಲಿ ಬಾನೆಟ್ಟಿನ ಎಡಕ್ಕೆ ಮಾತ್ರ ಬಿಸಿ ಹೊರಹೋಗುವ ಸೀಳುಗಳಿದ್ದವು. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಕೆಂಡದಂತೆ ಕಾಯುತ್ತದೆ. ಹಾಗಾದರೆ ಅದು ಎಡಕ್ಕೆ, ಸ್ಟೀರಿಂಗ್ ಬಲಕ್ಕೆ. ಬಲಗಡೆಯ ಕುರ್ಚಿಯಲ್ಲಿ ಕೂತು ಕಾಲು ಚಾಚಿ ತೋರಿಸಿದೆ. ಮಾವ ಎರಡು ಸಲ ಟೇಪ್ ಹಿಡಿದು ನೋಡಿ, "ಕೂರತ್ತೆ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಫೋಟೋ ತೆಗೆದು ವಿವರಣೆ ಸಮೇತ ಗ್ರೂಪಿಗೆ ಹಾಕಿದೆ. ಬಣ್ಣ ಕೇಳಿದವನೇ ಮೊದಲು ಕೈಮುಗಿದ. ಹಿಗ್ಗಿಹೋದೆ.

ಸಂಡಿಗೆ ತಿರುವಿಹಾಕಲು ಅತ್ತೆ ಬಂದರು. ಬೆಳಗಿನಿಂದ ನಮ್ಮ ತಲೆ ಕೆಡಿಸಿದ ಆ ಗಾಡಿಯನ್ನು ನೋಡಬೇಕೆಂದು ಮೊಬೈಲ್ ಇಸಿದುಕೊಂಡರು.

"ಓಡಿಸೋನು ಎಡಗಡೆ ಕೂತಿದಾನಲ್ಲೇ."

ನೋಡಿದೆ. ಎಡಗಡೆಯ ಕಿಟಕಿಯಲ್ಲಿ ಹೆಲ್ಮೆಟ್ ಹಾಕಿದ ತಲೆ ಸ್ಪಷ್ಟವಾಗಿತ್ತು. ನಾಲ್ಕು ದಿನ ಬಾನೆಟ್ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ನಮ್ಮೂರಿನ ಕಾರಿನಂತೆ ಸ್ಟೀರಿಂಗ್ ಬಲಕ್ಕೇ ಎಂದುಕೊಂಡಿದ್ದೆ. ಈಗ ರಾಡೂ ಟರ್ಬೋವೂ ಒಂದೇ ಕಡೆ. ನನ್ನ ವಾದ ಮಕಾಡೆ ಮಲಗಿತು.

ಮಾವ ಟೇಪ್ ಸುತ್ತಿ ಜೇಬಿಗೆ ಹಾಕಿಕೊಂಡರು. "ತಪ್ಪು ನಮ್ಮ ಮಾವಂದು ಅಂತ ಹಾಕ್ಬಿಡು. ನನ್ನನ್ನ ಯಾರು ಕೇಳ್ತಾರೆ" ಎಂದರು.

ನಿಜ ಹೇಳುತ್ತೇನೆ, ಆಸೆಯಾಯಿತು. ಆದರೆ ಹಾಗೆ ಹಾಕಿದರೆ ಸೀಳುಗಳನ್ನು ಗುರುತಿಸಿದ್ದೂ ಟರ್ಬೋ ಎಲ್ಲಿದೆಯೆಂದು ಕಂಡುಹಿಡಿದದ್ದೂ ಅವರದೇ ಎಂದು ಇಡೀ ಗ್ರೂಪು ಖುಷಿಯಿಂದ ನಂಬುತ್ತಿತ್ತು.

"ಬೇಡ ಮಾವ. ಇಷ್ಟು ಕಷ್ಟಪಟ್ಟು ತಪ್ಪು ಮಾಡಿದೀನಿ, ನಿಮಗ್ಯಾಕೆ ಬಿಟ್ಕೊಡ್ಲಿ" ಎಂದು, ತಪ್ಪು ನನ್ನದೇ ಎಂದು ಬರೆದು ಕಳಿಸಿದೆ.