ಕಲ್ಲಿನ ಊರಾಗ ಬದನಿ

ನಾನು ಚಿಂಚೋಳಿ ಕಡೆಯವಳು. ಅಲ್ಲಿ ಕೆಂಪು ಮಣ್ಣು, ಗುಡ್ಡ, ಮಳಿ. ಬೀಜ ಉಗುಳಿದರೂ ಹುಟ್ಟತಾವ. ಶಹಾಬಾದಿಗೆ ಸೊಸಿಯಾಗಿ ಬಂದಾಗ ನಮ್ಮ ರಾಜ್ಯಕ್ಕ ಇನ್ನೂ ಮೈಸೂರು ಅನ್ನೋ ಹೆಸರೇ ಇತ್ತು. ಇಲ್ಲಿ ನೆಲಕ್ಕ ಗುದ್ದಲಿ ಹಾಕಿದರ ಗೇಣು ಮಣ್ಣಿನ ಕೆಳಗ ಠಣ್ ಅಂತಿತ್ತು. ಗ್ವಾಡಿ ಕಲ್ಲು, ಮಾಳಿಗಿ ಕಲ್ಲು, ನೆಲ ಕಲ್ಲು. ನನ್ನ ಗಂಡ ಕೆಲಸ ಮಾಡೋದೂ ಕಲ್ಲಿನ ಖಣಿಯಾಗ. ಬ್ಯಾಸಿಗ್ಯಾಗ ಹಗಲು ಹೊತ್ತು ಹಿತ್ತಲಕ್ಕ ಬರಿಗಾಲಿಲೆ ಹೋದರ ಕುಣಕೋತ ಬರಬೇಕು.

ನಮ್ಮ ಹಿತ್ತಲದಾಗ ಒಂದು ತುಂಡು ಮಣ್ಣಿನ ಜಾಗ ಉಳಿದಿತ್ತು. ಓಣಿಯವರೆಲ್ಲ ತಮ್ಮ ತಮ್ಮ ಹಿತ್ತಲಕ್ಕ ಫರ್ಸಿ, ಚಪ್ಪಟಿ ಹಾಸುಗಲ್ಲು, ಹಾಸಿಕೊಂಡಿದ್ದರು. ಅತ್ತಿಗೂ ಅದೇ ಆಸೆ. ನಮ್ಮ ಮನಿಯವರು ಖಣಿಯಿಂದ ಒಂದು ಬಂಡಿ ಫರ್ಸಿ ತಂದು ಗ್ವಾಡಿಗೆ ಆನಿಸಿ ಇಟ್ಟೂ ಇದ್ದರು.

"ಅತ್ತಿ, ಸ್ವಲ್ಪ ತಡೀರಿ. ಅಲ್ಲಿ ನಾ ಬದನಿ ಹಚ್ಚತೀನಿ" ಅಂದೆ.

"ಬದನಿ? ಇಲ್ಲಿ? ಏನವ್ವ, ನಿಮ್ಮ ಚಿಂಚೋಳಿ ಮಳಿ ಸೆರಗಿನಾಗ ಕಟಗೊಂಡು ಬಂದೀಯೇನು?"

ಕಟ್ಟಿ ಮ್ಯಾಲ ಕುಂತ ಓಣಿ ಹೆಣಮಕ್ಕಳು ಹೊಟ್ಟಿ ಹಿಡಕೊಂಡು ನಕ್ಕರು. ಅವರ ಮುಂದೇ ಅತ್ತಿ ಮಾತು ಮುಗಿಸಿದಳು: "ಬ್ಯಾಸಿಗಿ ಮುಗದು ಮಿರಗದ ಮಳಿ ಬರೋದರಾಗ ಕಾಯಿ ತೋರಸು. ಇಲ್ಲಂದರ ಫರ್ಸಿ ಹಾಸೋದೇ."

ತವರು ನೆನಸಿಕೊಂಡು ಅಳೋ ಪೈಕಿ ನಾನಲ್ಲ. ಆದರ ಕೈಗೆ ಮಣ್ಣು ಹತ್ತದ ಮನ್ಯಾಗ ಸಾಯೋತನಕ ಇರಬೇಕು ಅಂದರ ನನ್ನಿಂದ ಆಗತಿರಲಿಲ್ಲ.

ಸಂಕ್ರಾಂತಿ ಮುಗಿದ ಮ್ಯಾಲ ಕೆಲಸ ಹಿಡದೆ. ತವರಾಗ ನೀರು ನಿಂತು ಬೇರು ಕೊಳೀತಾವ ಅಂತ ಮಡಿ ಎತ್ತರ ಏರಸತಿದ್ದೆವು. ಇಲ್ಲೂ ಹಂಗೇ ಏರಿಸಿ ಸಸಿ ಹಚ್ಚಿದೆ. ನೋಡಲಿಕ್ಕೆ ಚೆಂದ. ಹಾಕಿದ ನೀರೆಲ್ಲ ಜಾರಿ ಕೆಳಗ ಹೋತು, ಮಡಿ ಬಾಯಿ ಬಿಟ್ಟಿತು, ಸಸಿ ಒಣಗಿ ಸುರುಟಿದವು. ಅತ್ತಿ ಬಾಗಲದಾಗ ನಿಂತು ಕೇಳಿದಳು, "ಹಪ್ಪಳ ಆದವೇನವ್ವ? ಎಣ್ಣಿ ಕಾಸಲೇನು?"

ಒಡಕು ಗಡಿಗ್ಯಾಗ ಇನ್ನೊಂದೀಟು ಸಸಿ ಉಳಿದಿದ್ದವು. ಅವು ಹೋದರ ಕೆಲಸ ಮುಗೀತು.

ಶಿವರಾತ್ರಿ ಹೊತ್ತಿಗೆ ಗ್ವಾಡಿಗೆ ಆನಿಸಿದ್ದ ಒಂದು ಫರ್ಸಿ ಮಡಿ ಮ್ಯಾಲೇ ಬಿತ್ತು. ಸಿಟ್ಟಿಗೆ ಎತ್ತಲಿಲ್ಲ, ಹಂಗೇ ಬಿಟ್ಟೆ. ಕೆಲವು ದಿನ ಆದ ಮ್ಯಾಲ ಎಬ್ಬಿಸಿ ನೋಡತೀನಿ, ಸುತ್ತ ಮಣ್ಣು ಬೂದಿ ಆಗ್ಯದ, ಫರ್ಸಿ ಕೆಳಗ ಮಾತ್ರ ಹಸಿ! ಕೈ ಇಟ್ಟರ ತಣ್ಣಗ. ಇರುವಿ ತತ್ತಿ ಸಮೇತ ಅಲ್ಲೇ ಮನಿ ಮಾಡಿದ್ದವು. ಇರುವಿಗೆ ತಿಳಿದದ್ದು ನನಗ ತಿಳಿದಿರಲಿಲ್ಲ.

ಅವತ್ತೇ ಮಡಿ ಒಡದೆ. ಏರಿಸೋದು ಬಿಟ್ಟು ಕಲ್ಲು ಸಿಗೋತನಕ ತಗ್ಗು ತೋಡಿದೆ. ಆಡಿನ ಹಿಕ್ಕಿ ಹಾಕಿ ಸಸಿ ಹಚ್ಚಿ, ಸುತ್ತ ಫರ್ಸಿ ಚೂರು ಮುಚ್ಚಿದೆ. ಅದೂ ಪೂರಾ ಸರಿ ಇರಲಿಲ್ಲ. ಕಾದ ಕಲ್ಲಿಗೆ ಹತ್ತಿ ಕೆಳಗಿನ ಎಲಿ ಸುಟ್ಟವು. ಆಮ್ಯಾಲ ಫರ್ಸಿ ಮ್ಯಾಲ ಜ್ವಾಳದ ಒಣ ದಂಟಿನ ಕಣಕಿ ಹಾಸಿದೆ. ದೊಡ್ಡ ಫರ್ಸಿ ಪಡುವಣ ಕಡೆ ನಿಲ್ಲಿಸಿ ಇಳಿಬಿಸಿಲಿಗೆ ಮರೆ ಮಾಡಿದೆ. ನೀರು ಹಾಕೋದು ಸಂಜಿಕ, ಕಲ್ಲು ಆರಿದ ಮ್ಯಾಲ. ಹೊಸಾ ನೀರಲ್ಲ, ಬಚ್ಚಲದ್ದು.

ಗಿಡ ಎದ್ದವು. ಹೂ ಬಿಟ್ಟವು. ಸುಡು ಗಾಳಿಗೆ ಉದುರಿದವು. ಮತ್ತ ಬಿಟ್ಟವು, ಮತ್ತ ಉದುರಿದವು.

"ಹೂವಿನ ಪಲ್ಯ ಮಾಡತೀಯೇನು?" ಅಂದಳು ಅತ್ತಿ. ಮನಿಯವರು ಫರ್ಸಿ ಹಾಸಲಿಕ್ಕೆ ಸುಣ್ಣ ತಂದು ನೆನೆಹಾಕಿದರು. ನಾ ತಗ್ಗಿಗೆ ನೀರು ಹಾಕೋದು ಬಿಡಲಿಲ್ಲ.

ಮಿರಗ ಕೂಡೋ ಮುಂದ ಫರ್ಸಿ ಮರೆಗಿದ್ದ ಗಿಡದಾಗ ಎಲಿ ಎತ್ತಿದೆ. ಗುಂಡಗ, ಕರ್ರಗ ಒಂದು. ಅದರ ಹಿಂದ ಎರಡು. ಪಕ್ಕದ ಗಿಡಕ್ಕ ಮತ್ತ. ನಾ ಕರೀಲಿಕ್ಕೆ ಹೋಗಲಿಲ್ಲ. ಅತ್ತಿ ಭಾಂಡಿ ತೊಳೀಲಿಕ್ಕೆ ಬಂದಾಕಿ ತಾನೇ ನೋಡಿದಳು. ಬಗ್ಗಿ ಹಿಚುಕಿ ನೋಡಿದಳು. ಕೊಯ್ದು ಉಡಿಯಾಗ ಹಾಕಿಕೊಂಡು ಒಳಗ ಹೋದಳು.

ಅವತ್ತು ಎಣ್ಣಿಗಾಯಿ, ರೊಟ್ಟಿ. ಅತ್ತಿ ಉಂಡು ಕೈ ತೊಳಕೊಂಡು "ಬೀಜ ಭಾಳ ಅದಾವ" ಅಂದಳು. ಎರಡು ಸಲ ಹಾಕಿಸಿಕೊಂಡಿದ್ದಳು.

ಮನಿಯವರು ಅವರವ್ವಗ ಕೇಳಿದರು, "ಯವ್ವ, ಸುಣ್ಣ ನೆನದು ಕುಂತದ. ಫರ್ಸಿ ಯಾವಾಗ ಹಾಸಲಿ?"

"ನಿನ್ನ ಎದಿ ಮ್ಯಾಲ ಹಾಸಕೋ!"

ಆ ಸುಣ್ಣ ಗ್ವಾಡಿಗೆ ಬಳದೆವು. ನಕ್ಕ ಹೆಣಮಕ್ಕಳು ಒಬ್ಬೊಬ್ಬರೇ ನೋಡಲಿಕ್ಕೆ ಬಂದರು. ಅತ್ತಿ ಸೊಂಟದ ಮ್ಯಾಲ ಕೈ ಇಟಗೊಂಡು ಹೇಳೋಳು, "ನಾವು ಮಡಿ ಏರಸೋದಿಲ್ಲವ್ವ. ತಗ್ಗು ತೋಡತೀವಿ." ನಾವು ಅಂತ! ಅನ್ನಲಿ ಬಿಡು. ಯಾರು ತೋಡ್ಯಾರ ಅಂತ ಓಣಿಗೆಲ್ಲ ಗೊತ್ತಿತ್ತು.

ಮುಂದಿನ ವರ್ಷ ಎದುರು ಮನಿಯಾಕಿ ತನ್ನ ಹಿತ್ತಲದಾಗ ಹಾಸಿದ ಫರ್ಸಿ ಕೀಳತೀನಿ ಅಂದಳು, ಆಕಿಗೆ ಆಗಲಿಲ್ಲ. ಹಾರಿಕೋಲು ಹಿಡಕೊಂಡು ನಾನೇ ಹೋಗಿ ಎಬ್ಬಿಸಿ ಕೊಟ್ಟು ಬಂದೆ.